ದಿನ ಹೇಳಬಾರದ ಮರ

"ಈ ಮರದ ಕೆಳಗೆ ನಿಂತು ವಾಪಸ್ ಬರೋ ದಿನ ಹೇಳಬೇಡ ಮಗಾ. ಹೋಗಿ ಬರ್ತೀನಿ ಅನ್ನು, ಸಾಕು. ದಿನ ಮಾತ್ರ ಬಾಯಿಗೆ ಬರಬಾರದು."

ಬ್ರೂಜಾ ಮುದುಕಿ ಇಷ್ಟು ಹೇಳುವಷ್ಟರಲ್ಲೇ ಪಾಸಿಯಾಸನಿಗೆ ನಗು ತಡೆಯಲಾಗಲಿಲ್ಲ. ಅಥೆನ್ಸಿನ ಬಂದರಿನಲ್ಲಿ ಹಡಗುಗಳಿಗೆ ಹುಟ್ಟು ಕೆತ್ತುವ ಬಡಗಿ ಅವನು. ಮರವೆಂದರೆ ಅವನಿಗೆ ಗಂಟು, ಎಳೆ, ತೇವ, ತೂಕ, ಅಷ್ಟೇ. ಥ್ರೇಸ್ ನಾಡಿನ ಕಾಡಿನಿಂದ ಒಳ್ಳೆಯ ದೇವದಾರು ಆರಿಸಿ ತಾ ಎಂದು ಯಜಮಾನ ದೆಕ್ಸಿಯಾಸ್ ಅವನನ್ನು ಒಂಬತ್ತು ದಾರಿ ಎಂಬ ಈ ಊರಿಗೆ ಕಳಿಸಿದ್ದ. ಬಂದವನು, ಸ್ಟ್ರೈಮೋನ್ ಹೊಳೆ ಹೆಪ್ಪುಗಟ್ಟಿದ್ದರಿಂದ, ಚಳಿಗಾಲವಿಡೀ ಬ್ರೂಜಾಳ ಮನೆಯಲ್ಲಿ ಉಳಿದ. ಉಳಿದವನು ಅವಳ ಮೊಮ್ಮಗಳು ಜೈಕಾಳ ಜೊತೆ ಒಂದೇ ಬಟ್ಟಲಿನಲ್ಲಿ ಹೆಂಡ ಕುಡಿದ. ಊರಿನವರ ಪ್ರಕಾರ ಅದು ಮದುವೆ. ಪಾಸಿಯಾಸನ ಪ್ರಕಾರ ಚಳಿ ಕಳೆಯುವ ದಾರಿ.

ಈಗ ಮಂಜು ಕರಗಿತ್ತು. ದಿಮ್ಮಿಗಳ ತೆಪ್ಪ ಹೊಳೆಯಲ್ಲಿ ಕಾಯುತ್ತಿತ್ತು. ಗುಡ್ಡದ ಮೇಲೆಲ್ಲ ಬಾದಾಮಿ ಮರಗಳು ಬಿಳಿ ಹೂ ಬಿಟ್ಟು ನಿಂತಿದ್ದವು. ಒಂಬತ್ತು ದಾರಿಗಳು ಕೂಡುವ ಜಾಗದಲ್ಲಿದ್ದ ಈ ಒಂದು ಬಾದಾಮಿ ಮರ ಮಾತ್ರ ಬೋಳು. ಎಲೆಯಿಲ್ಲ, ಮೊಗ್ಗಿಲ್ಲ. ಹತ್ತಿರ ಹೋದರೆ ಒದ್ದೆ ಹಗ್ಗದ ವಾಸನೆ. ಪಾಸಿಯಾಸ್ ಬೆರಳು ಮಡಿಸಿ ಬೊಡ್ಡೆಯನ್ನು ಬಡಿದು ನೋಡಿದ.

"ಒಳಗೆ ಟೊಳ್ಳು ಅಜ್ಜಿ. ಸೌದೆಗೂ ಆಗಲ್ಲ. ಇದಕ್ಕೇಕೆ ಇಷ್ಟು ಹೆದರಿಕೆ?"

"ಸೌದೆಯಲ್ಲ ಕಣೋ ಅದು, ಫಿಲ್ಲಿಸ್. ಈ ನಾಡಿನ ರಾಜನ ಮಗಳು. ಟ್ರಾಯ್ ಯುದ್ಧ ಮುಗಿಸಿಕೊಂಡು ಹಡಗಲ್ಲಿ ಬಂದವನೊಬ್ಬನ್ನ ಕಟ್ಟಿಕೊಂಡಳು. ನಿಮ್ಮ ಅಥೆನ್ಸಿನವನೇ. ಅವನೂ ನಿನ್ನ ಹಾಗೇ ಹಲ್ಲು ಕಿರಿದು, ಇಂಥ ದಿನ ಬರ್ತೀನಿ ಅಂದ. ದಿನ ಬಂತು, ಅವನು ಬರಲಿಲ್ಲ. ಒಂಬತ್ತು ಸಲ ಸಮುದ್ರದ ದಂಡೆಗೆ ಓಡಿದಳು. ಒಂಬತ್ತನೇ ಸಲ ತಿರುಗಿ ಬಂದು ನೇಣಿಗೆ ಕೊರಳು ಕೊಟ್ಟಳು. ಅವಳೇ ಈ ಮರ. ಇವಳ ಕಿವೀಲಿ ಯಾರಾದ್ರೂ ದಿನ ಹೇಳಿ ತಪ್ಪಿದ್ರೆ, ಅವನ ಉಳಿದ ದಿನಗಳೆಲ್ಲ ಇವಳ ಪಾಲು."

"ನಮ್ಮೂರಿನವನ ತಪ್ಪಿಗೆ ನಾನು ದಂಡ ಕಟ್ಟಬೇಕಾ?" ಎಂದು ಪಾಸಿಯಾಸ್ ಬೊಡ್ಡೆಯ ಮೇಲೆ ಅಂಗೈ ಊರಿದ. ತೆಪ್ಪದವರೆಲ್ಲ ನೋಡುತ್ತಿದ್ದರು. ನೋಡುವವರಿದ್ದರೆ ಅವನ ನಾಲಿಗೆಗೆ ಲಗಾಮೇ ಇರಲಿಲ್ಲ. "ಕೇಳಿಸ್ಕೊ ತಾಯಿ. ಜವೆಗೋಧಿ ಕೊಯ್ಲಿನ ಹುಣ್ಣಿಮೆ ದಿನ ಪಾಸಿಯಾಸ್ ಇಲ್ಲೇ ಬಂದು ನಿಲ್ತಾನೆ. ಬರದಿದ್ರೆ ನೀನೇ ಇಟ್ಕೊ ನನ್ನ!"

ಜೈಕಾ ಅವನ ಬಾಯಿ ಮುಚ್ಚಲು ಓಡಿ ಬಂದಳು. ಹಚ್ಚೆಯ ಜಿಂಕೆಗಳಿದ್ದ ಅವಳ ಕೈ ಅವನ ತುಟಿ ಮುಟ್ಟುವ ಹೊತ್ತಿಗೆ ಮಾತು ಮುಗಿದಿತ್ತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ತೆಪ್ಪದವರಲ್ಲಿ ಒಬ್ಬನೂ ನಗಲಿಲ್ಲ.

ಹೊರಡುವಾಗ ಜೈಕಾ ಎರಡು ಅಂಗೈ ಅಗಲದ ಮರದ ಪೆಟ್ಟಿಗೆಯೊಂದನ್ನು ಅವನ ಕೈಗಿಟ್ಟಳು. ಮುಚ್ಚಳದ ಸುತ್ತ ಜೇನುಮೇಣ ಬಳಿದಿತ್ತು.

"ಇನ್ನು ಬರೋದಿಲ್ಲ ಅಂತ ನಿನ್ನ ಮನಸ್ಸು ಹೇಳಿದ ದಿನ ಮಾತ್ರ ತೆಗಿ. ಅಲ್ಲೀವರೆಗೂ ತೆಗೀಬೇಡ."

"ಒಳಗೇನಿದೆ?"

"ಏನೂ ಇಲ್ಲ."

ಅವನು ಅಲುಗಿಸಿ ನೋಡಿದ. ನಿಜ, ಖಾಲಿ. ಖಾಲಿ ಪೆಟ್ಟಿಗೆಗೆ ಮೇಣ ಬಳಿಯುವ ಜನ ಎಂದು ಮತ್ತೆ ನಕ್ಕು, ತೆಪ್ಪ ಹತ್ತಿದ.

ಆ ಊರಿನವರ ರೀತಿಯೇ ಅವನಿಗೆ ನಗೆಪಾಟಲು. ಚಳಿಗಾಲದಲ್ಲಿ ಪಕ್ಕದ ಮನೆಯಲ್ಲಿ ಒಮ್ಮೆ ಗೋಳೋ ಎಂದು ಅಳು ಎದ್ದಾಗ, ಯಾರೋ ಹೋದರೆಂದು ಇವನು ಮುಖ ಸಪ್ಪೆ ಮಾಡಿಕೊಂಡು ಹೋಗಿದ್ದ. ನೋಡಿದರೆ ಮಗು ಹುಟ್ಟಿತ್ತು. "ಕಷ್ಟ ಅನುಭವಿಸೋಕೆ ಇನ್ನೊಂದು ಜೀವ ಬಂತಲ್ಲಪ್ಪ, ಅಳದೆ ಇನ್ನೇನು?" ಎಂದಿದ್ದಳು ಬ್ರೂಜಾ. ಇನ್ನೊಂದು, ಈ ಹರಳಿನ ಕುಡಿಕೆ. ಮದುವೆಯಾದ ಹೆಣ್ಣು ಹೊಸ ಕುಡಿಕೆ ಇಡುತ್ತಾಳೆ. ದಿನವೂ ಸೂರ್ಯ ಮುಳುಗುವ ಹೊತ್ತಿಗೆ ಅದಕ್ಕೆ ಒಂದು ಹರಳು. ದಿನ ಸುಖವಾಗಿ ಕಳೆದಿದ್ದರೆ ಬಿಳಿ ಬೆಣಚುಕಲ್ಲು, ದುಃಖದಲ್ಲಿ ಕಳೆದಿದ್ದರೆ ಕರಿ ಹರಳು. ಸತ್ತ ಮೇಲೆ ಕುಡಿಕೆ ಸುರಿದು ನೋಡಿ, ಬಾಳಿದ್ದು ಹೇಗೆ ಎಂದು ಊರು ತಿಳಿಯುತ್ತದೆ. ಜೈಕಾ ಪ್ರತಿ ಸಂಜೆ ಬಿಳಿ ಹರಳನ್ನು ಅವನ ಮೂಗಿನ ಮುಂದೆ ಹಿಡಿದು ತೋರಿಸಿ ಕುಡಿಕೆಗೆ ಹಾಕುತ್ತಿದ್ದಳು. ಜಗಳವಾಡಿದ ಎರಡು ದಿನ ಮಾತ್ರ ಕಪ್ಪು.

ಅಥೆನ್ಸಿನ ಬಂದರಿಗೆ ಬಂದ ಮೊದಲ ಸಂಜೆ. ಕಾರ್ಖಾನೆಯಲ್ಲಿ ಉಳಿ, ಬಾಚಿಗಳ ಸದ್ದು ನಿಂತಿತ್ತು. ರಾಳದ ಘಾಟು, ತೊಗಟೆಯ ಹಸಿ ವಾಸನೆ. ದಾರಿಯುದ್ದಕ್ಕೂ ಗಂಟಿನ ತಳದಲ್ಲಿದ್ದು, ಈಗ ಮೂಲೆಯ ಹಲಗೆಯ ಮೇಲಿಟ್ಟಿದ್ದ ಪೆಟ್ಟಿಗೆಯೊಳಗೆ ಸದ್ದಾಯಿತು.

ಟಿಕ್.

ಇಲಿ ಇರಬೇಕು ಎಂದುಕೊಂಡ. ಮಾರನೆಯ ಸಂಜೆ, ಅದೇ ಹೊತ್ತಿಗೆ, ಟಿಕ್. ಮೂರನೆಯ ಸಂಜೆ ಕಿವಿ ಹಚ್ಚಿ ಕೂತ. ಕಲ್ಲಿನ ಮೇಲೆ ಕಲ್ಲು ಬಿದ್ದ ಸದ್ದು. ಪೆಟ್ಟಿಗೆ ಎತ್ತಿದರೆ ತೂಕ ಬಂದಿತ್ತು. ಮೇಣ ಒಂದಿಷ್ಟೂ ಬಿಟ್ಟಿರಲಿಲ್ಲ.

"ಯಜಮಾನ್ರೇ, ಏನಾದ್ರೂ ಕೇಳಿಸ್ತಾ?"

"ಏನು?" ಎಂದ ದೆಕ್ಸಿಯಾಸ್. "ನಂಗೆ ಕೇಳಿಸ್ತಿರೋದು ನನ್ನ ಹೊಟ್ಟೆ ಗುರುಗುಟ್ಟೋದು. ನಡಿ, ಊಟಕ್ಕೆ. ಮಗಳು ಮೀನು ಹುರಿದಿದಾಳೆ."

ಯಜಮಾನನಿಗೆ ಒಬ್ಬಳೇ ಮಗಳು, ಗಂಡುಮಕ್ಕಳಿಲ್ಲ. ಮೀನಿನ ಊಟದ ಅರ್ಥ ಪಾಸಿಯಾಸನಿಗೆ ಆಗದೇ ಇರಲಿಲ್ಲ. ಥ್ರೇಸಿನ ಹೆಂಡತಿಯ ವಿಷಯ ಅವನು ಎತ್ತಲಿಲ್ಲ. ಇವತ್ತು ಬೇಡ, ನಾಳೆ ಹೇಳಿದರಾಯಿತು. ನಾಳೆ ಬೇಡ, ಹೊರಡುವ ಮುಂಚೆ ಹೇಳಿದರಾಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಂಬಿದವನು ಅವನು. ಹೀಗೆ ಕೊಯ್ಲಿನ ಹುಣ್ಣಿಮೆಯೂ ಬಂತು. ಆ ಸಂಜೆ ಅವನು ದೆಕ್ಸಿಯಾಸನ ಅಂಗಳದಲ್ಲಿ ಕೂತು ಅಂಜೂರ ತಿನ್ನುತ್ತಿದ್ದ. ಗುಡ್ಡದ ಹಿಂದಿನಿಂದ ಚಂದ್ರ ಎದ್ದ. ಅಷ್ಟು ದೂರದ ಕಾರ್ಖಾನೆಯಿಂದ ಸದ್ದು ಅವನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಟಿಕ್.

ಅಥೆನ್ಸಿನಲ್ಲಿ ನ್ಯಾಯ ಹೇಳುವವರೂ ಹರಳು ಹಾಕಿಯೇ ಹೇಳುವುದು. ಒಬ್ಬೊಬ್ಬರೂ ಎದ್ದು ಬಂದು, ಇವನು ಅಪರಾಧಿ ಎಂದು ಪಾತ್ರೆಗೆ ಹರಳು ಹಾಕುವ ಸದ್ದನ್ನು ಪಾಸಿಯಾಸ್ ಚಿಕ್ಕಂದಿನಿಂದ ಕೇಳಿದ್ದ. ಈಗ ಪ್ರತಿ ಸಂಜೆ ಅದೇ ಸದ್ದು. ಕಪ್ಪು ಹರಳುಗಳೇ, ಅನುಮಾನವಿಲ್ಲ. ಅಲ್ಲಿ ಕೂತು ದಿನಕ್ಕೊಂದು ಕಲ್ಲು ಹಾಕಿ ನನ್ನನ್ನು ಶಪಿಸುತ್ತಿದ್ದಾಳೆ. ಮುದುಕಿ ಮಾಟ ಮಾಡಿಸಿದ್ದಾಳೆ. ಯಾರಾದರೂ ಹೆಂಡತಿಯ ಮಾತೆತ್ತಿದರೆ, ಕುಂಬಳಕಾಯಿ ಕಳ್ಳನಂತೆ ಅವನು ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಪೆಟ್ಟಿಗೆಯನ್ನು ಮರದ ಸಿಬರಿನ ರಾಶಿಯಡಿ ಹೂತ. ಸದ್ದು ಕಡಿಮೆಯಾಗಲಿಲ್ಲ. ಅದರ ಭಾರಕ್ಕೆ ನೆಲದ ಹಲಗೆ ಬಾಗಿತು.

ಬೇಸಿಗೆಯ ಕೊನೆಗೆ ದೆಕ್ಸಿಯಾಸ್ ಕೇಳಿಯೇ ಬಿಟ್ಟ. ಪಾಸಿಯಾಸ್ ತಲೆಯಾಡಿಸಿದ. ಕಾರ್ಖಾನೆಯೂ ಮಗಳೂ ನಿನ್ನವೇ ಎಂದು ಯಜಮಾನ ಬೆನ್ನು ತಟ್ಟಿದ. ಅಂದು ಸಂಜೆ ಪಾಸಿಯಾಸ್ ಒಬ್ಬನೇ ಕಾರ್ಖಾನೆಗೆ ಬಂದು, ಸಿಬರು ಸರಿಸಿ, ಉಳಿಯಿಂದ ಮೇಣ ಕಿತ್ತ. ಬರುವುದಿಲ್ಲ ಎಂದು ಮನಸ್ಸು ಹೇಳಿಯಾಗಿತ್ತು. ಕಪ್ಪು ಕಲ್ಲುಗಳನ್ನು ಸಮುದ್ರಕ್ಕೆ ಸುರಿದು ಕೈತೊಳೆದುಕೊಂಡರೆ ಮುಗಿಯಿತು.

ಮುಚ್ಚಳ ತೆಗೆದ. ಸ್ಟ್ರೈಮೋನ್ ಹೊಳೆಯ ಕೆಸರಿನ ವಾಸನೆ ಮುಖಕ್ಕೆ ಹೊಡೆಯಿತು. ತಣ್ಣನೆಯ ಪಾಚಿಯ ವಾಸನೆ. ಹರಳುಗಳು ಈಗ ತಾನೇ ನೀರಿನಿಂದ ಆಯ್ದಂತೆ ಒದ್ದೆಯಾಗಿದ್ದವು.

ಬಿಳಿ. ಎಲ್ಲವೂ ಬಿಳಿ.

ಅವನು ಎರಡೂ ಕೈ ತೂರಿಸಿ ತಳದವರೆಗೆ ಕೆದಕಿದ. ಕೊಯ್ಲಿನ ಹುಣ್ಣಿಮೆಯ ದಿನದ್ದೂ ಇದರಲ್ಲಿತ್ತು, ಅದರ ಮಾರನೆಯ ದಿನದ್ದೂ, ಅದರಾಚೆಯ ಎಲ್ಲ ದಿನಗಳವೂ. ಕರಿ ಹರಳು ಒಂದೂ ಇರಲಿಲ್ಲ. ಕಾದ ಪ್ರತಿ ದಿನವನ್ನೂ ಅವಳು ಸುಖದ ದಿನವೆಂದೇ ಹಾಕಿದ್ದಳು. ಹೇಗೂ ಬರುತ್ತಾನಲ್ಲ, ಅವನನ್ನು ಕಾಯುವುದೂ ಸುಖವೇ ಎಂದು. ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ತಿರುಗಿ ಬೈಯುತ್ತಿದ್ದ. ಇದನ್ನು ತಡೆದುಕೊಳ್ಳುವುದು ಅವನಿಂದ ಆಗಲಿಲ್ಲ. ಪೆಟ್ಟಿಗೆಯ ಮೇಲೆ ಬಗ್ಗಿ ಅತ್ತ. ಅಳುತ್ತಿರುವಾಗಲೇ ಅವನ ಕಣ್ಣೆದುರಿಗೆ, ಯಾವ ಕೈಯೂ ಇಲ್ಲದೆ, ಇನ್ನೊಂದು ಬಿಳಿ ಹರಳು ಬಂದು ಬಿತ್ತು.

ಬೆಳಗಾಗುವ ಮುಂಚೆ, ಯಜಮಾನನಿಗೆ ಒಂದು ಮಾತೂ ಹೇಳದೆ, ಉತ್ತರಕ್ಕೆ ಹೊರಟ ಹಡಗು ಹತ್ತಿದ. ಅದೂ ಒಂದು ದ್ರೋಹವೇ. ಆದರೆ ಆ ಹೊತ್ತಿಗೆ ಅವನಿಗೆ ಒಂದೇ ದ್ರೋಹ ಕಾಣುತ್ತಿತ್ತು. ಹಡಗಿನಲ್ಲಿ ಪ್ರತಿ ಸಂಜೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಟಿಕ್ ಎಂದರೆ ಜೀವಕ್ಕೆ ಸಮಾಧಾನ. ಬದುಕಿದ್ದಾಳೆ. ಕಾಯುತ್ತಿದ್ದಾಳೆ.

ಹನ್ನೊಂದನೆಯ ದಿನ ಮಧ್ಯಾಹ್ನ ಹಡಗು ಎಯೋನ್ ಬಂದರಿಗೆ ಬಂತು. ಹೊಳೆ ಸಮುದ್ರ ಸೇರುವ ಜಾಗ ಅದು. ಅಲ್ಲಿಂದ ಒಂಬತ್ತು ದಾರಿಗೆ ನಡೆದರೆ ಎರಡು ಮೂರು ಗಳಿಗೆಯ ಹಾದಿ. ನೆಲಕ್ಕೆ ಕಾಲಿಟ್ಟವನಿಗೆ ಮುಂದೆ ಹೆಜ್ಜೆ ಬರಲಿಲ್ಲ.

ಏನೆಂದು ಹೇಳುವುದು? ಮೇಣ ಒಡೆದಿದೆಯಲ್ಲ, ಅದಕ್ಕೆ ಏನು ಹೇಳುವುದು? ಗಡ್ಡ ಬೆಳೆದಿದೆ, ತೆಗೆಸಿಕೊಂಡು ಹೋದರಾಯಿತು. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಒಂದು ದಂತದ ಬಾಚಣಿಗೆ ಕೊಂಡ. ಅಷ್ಟರಲ್ಲಿ ಸಂಜೆಯಾಯಿತು. ಮರುದಿನ ಬೆಳಗಿನಿಂದ ದಂಡೆಯ ಹೆಂಡದಂಗಡಿಯಲ್ಲಿ, ಆಳೆತ್ತರದ ಮಣ್ಣಿನ ವಾಡೆಗಳ ನಡುವೆ ಕೂತು, ಹೇಳಬೇಕಾದ್ದನ್ನು ತುಟಿಯಲ್ಲೇ ಹೇಳಿ ನೋಡಿಕೊಂಡ. ಜ್ವರ ಬಂದಿತ್ತು. ಎದುರುಗಾಳಿ ಇತ್ತು. ಯಜಮಾನ ಬಿಡಲಿಲ್ಲ.

"ಏನಣ್ಣಾ, ನಾಟಕದ ಪಾತ್ರ ಬಾಯಿಪಾಠ ಮಾಡ್ತಿದೀಯಾ?" ಎಂದು ಅಂಗಡಿಯವನು ಕಣ್ಣು ಮಿಟುಕಿಸಿದ.

ಸೂರ್ಯ ನೀರಿಗೆ ತಾಗುವ ಹೊತ್ತು. ಹೊರಗೆ ದಂಡೆಯ ಮೇಲೆ ಒಬ್ಬ ಹೆಂಗಸು ಬಂದು ನಿಂತಳು. ಗಾಳಿಗೆ ಸೆರಗು ಹಾರುತ್ತಿತ್ತು. ಒಂದೊಂದು ಹಡಗನ್ನೂ ನೋಡುತ್ತ, ಕಣ್ಣಿಗೆ ಕೈ ಅಡ್ಡ ಹಿಡಿದಳು. ಆ ಕೈಯಲ್ಲಿ ಹಚ್ಚೆಯ ಜಿಂಕೆಗಳಿದ್ದವು.

ಎದ್ದು ಹೋಗಬೇಕಿತ್ತು. ಇಪ್ಪತ್ತು ಹೆಜ್ಜೆ, ಅಷ್ಟೇ. ಆದರೆ ಮಾತು ಇನ್ನೂ ಸರಿಯಾಗಿ ಕೂಡಿ ಬಂದಿರಲಿಲ್ಲ. ಅವಳು ಅಂಗಡಿಯ ಕಡೆಗೆ ತಿರುಗಿದಳು. ಪಾಸಿಯಾಸ್ ಸರಕ್ಕನೆ ವಾಡೆಯ ಹಿಂದೆ ಕುಕ್ಕರಿಸಿದ, ತಲೆ ಬಗ್ಗಿಸಿದ. ಮೊಣಕಾಲಿನ ಕೆಳಗೆ ಹೆಂಡದ ಹುಳಿ ಕೊಚ್ಚೆ. ಉಸಿರು ಬಿಗಿಹಿಡಿದ. ಅವನು ಮತ್ತೆ ತಲೆ ಎತ್ತುವಾಗ ದಂಡೆ ಖಾಲಿಯಾಗಿತ್ತು. ಕತ್ತಲಾದ ಮೇಲೆ, ಎಂದಿಗಿಂತ ತಡವಾಗಿ, ಮಡಿಲಿನ ಪೆಟ್ಟಿಗೆಯಲ್ಲಿ ಟಿಕ್.

ಬೆಳಗ್ಗೆ ಹೋದರಾಯಿತು ಎಂದುಕೊಂಡ.

ಬೆಳಗ್ಗೆ ಧೈರ್ಯಕ್ಕೆಂದು ಕುಡಿದ, ಮಧ್ಯಾಹ್ನ ಇಳಿದ ಮೇಲೆ ಹೊರಟ. ಊರು ಇನ್ನೂ ದೂರವಿರುವಾಗಲೇ ಡೋಲಿನ ಸದ್ದು ಕೇಳಿಸಿತು. ಆಮೇಲೆ ನಗು. ಹತ್ತಾರು ಜನ ಒಟ್ಟಿಗೆ ಹೊಟ್ಟೆ ಹಿಡಿದುಕೊಂಡು ನಗುವ ನಗು. ಹಾವುಮೀನು ಹುರಿಯುವ ವಾಸನೆ ಗಾಳಿಯಲ್ಲಿ ತೇಲಿಬಂತು. ಪಾಸಿಯಾಸನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಹಬ್ಬ! ಮನೆಯಲ್ಲಿ ಸಂತೋಷವಿದೆ. ಸಂತೋಷದ ಹೊತ್ತಿನಲ್ಲಿ ಯಾರು ತಾನೆ ಹೆಚ್ಚು ಬೈಯುತ್ತಾರೆ? ಬಾಚಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಓಡಿದ.

ಬೋಳು ಮರದ ಸುತ್ತ ಊರೆಲ್ಲ ನೆರೆದಿತ್ತು. ಬಟ್ಟಲುಗಳು ತುಂಬಿದ್ದವು, ಜನ ಕುಣಿಯುತ್ತಿದ್ದರು. ನಡುವೆ ಕಂಬಳಿಯ ಮೇಲೆ ಯಾರೋ ಮಲಗಿದ್ದರು. ಹೊದಿಕೆಯಾಚೆ ಚಾಚಿಕೊಂಡಿದ್ದ ಕೈಯಲ್ಲಿ ಜಿಂಕೆಗಳು.

"ಬಂದೆಯಾ?" ಎಂದಳು ಬ್ರೂಜಾ. ಅವಳೂ ನಗುತ್ತಿದ್ದಳು. "ನಗು."

"ಅಜ್ಜಿ, ಏನಿದು? ಎಲ್ಲ ನಗ್ತಾ ಇದೀರಲ್ಲ…"

"ಹುಟ್ಟಿದಾಗ ಅಳೋರು ಸತ್ತಾಗ ನಗಬೇಡವಾ? ಅವಳ ಕಷ್ಟ ಮುಗೀತು. ನೀನೂ ನಗು. ಇಲ್ಲಿ ಅಳಬಾರದು." ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವಾಗ ಬಂದೆ?"

"ಈಗಲೇ ಅಜ್ಜಿ. ಈಗ ತಾನೇ ಹಡಗಿಳಿದೆ."

ತಲೆಯ ಮೇಲೆ ಒಣಕೊಂಬೆಯೊಂದು ಕಿರುಗುಟ್ಟಿತು. ಗಾಳಿ ಇರಲಿಲ್ಲ.

ಕುಡಿಕೆ ತಂದರು. ಬ್ರೂಜಾ ಅದನ್ನು ಬಟ್ಟೆಯ ಮೇಲೆ ಸುರಿದಳು. ಚಳಿಗಾಲದ ಬಿಳಿ ಹರಳುಗಳು ಬಿದ್ದವು, ಜಗಳದ ಎರಡು ಕಪ್ಪೂ ಬಿದ್ದವು. ಅಲ್ಲಿಗೆ ಮುಗಿಯಿತು. ಅವನು ತೆಪ್ಪ ಹತ್ತಿದ ದಿನದಿಂದಾಚೆಗೆ ಒಂದೂ ಇರಲಿಲ್ಲ. ನಗು ನಿಂತಿತು. ಡೋಲೂ ನಿಂತಿತು.

"ಮಿಕ್ಕ ದಿನಗಳೆಲ್ಲಿ?" ಎಂದು ಯಾರೋ ಪಿಸುಗುಟ್ಟಿದರು.

"ಅವಳು ದಿನಾ ಹಾಕೋದನ್ನ ನಾನೇ ಕಣ್ಣಾರೆ ನೋಡಿದೀನಿ," ಎಂದಳು ಬ್ರೂಜಾ. ಖಾಲಿ ಕುಡಿಕೆಯನ್ನು ಮತ್ತೊಮ್ಮೆ ಕೊಡವಿದಳು. "ದಿನದ ಲೆಕ್ಕ ಸಿಗದ ಹೆಣವನ್ನ ಮಣ್ಣು ಒಳಗೆ ಬಿಟ್ಟುಕೊಳ್ಳಲ್ಲ. ನನ್ನ ಕೂಸು ಹೀಗೇ ಹೊರಗೇ ಇರಬೇಕಾ?"

ಪಾಸಿಯಾಸನ ಮೇಲಂಗಿಯ ಒಳಗೆ ಪೆಟ್ಟಿಗೆ ಭಾರವಾಗಿತ್ತು. ಯಾರಿಗೂ ಗೊತ್ತಿಲ್ಲ. ಸುಮ್ಮನಿರಬಹುದಿತ್ತು. ಅದೊಂದನ್ನು ಅವನಿಂದ ಮಾಡಲಾಗಲಿಲ್ಲ, ಅಷ್ಟು ಮಟ್ಟಿಗೆ ಅವನೂ ಮನುಷ್ಯನೇ. ತೆಗೆದು ಮುದುಕಿಯ ಮುಂದಿಟ್ಟ. ಅವಳು ಒಡೆದ ಮೇಣವನ್ನು ಬೆರಳಿನಿಂದ ಸವರಿದಳು. ಪೆಟ್ಟಿಗೆಯನ್ನು ಬೋರಲು ಹಾಕಿದಳು.

ಮೊದಲು ಬಿದ್ದದ್ದು ಒಂದು ಕರಿ ಹರಳು. ಅದರ ಹಿಂದೆ ಬಿಳಿಯವು ಸುರಿದವು, ಸುರಿಯುತ್ತಲೇ ಹೋದವು.

"ಒಂದೇ ಕಪ್ಪು," ಎಂದಳು ಬ್ರೂಜಾ. ಅದನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. "ಎಲ್ಲಕ್ಕಿಂತ ಮೇಲಿದ್ದದ್ದು. ಅಂದ್ರೆ ನಿನ್ನೇದು. ನಿನ್ನೆ ಒಂಬತ್ತನೇ ಸಲ ದಂಡೆಗೆ ಹೋಗಿದ್ದಳು. ಬಂದು ಏನಂದಳು ಗೊತ್ತಾ? 'ಅಜ್ಜಿ, ಅವನು ಬಂದಿದಾನೆ. ಹೆಂಡದಂಗಡಿ ವಾಡೆ ಹಿಂದೆ ಕೂತಿದ್ದ. ನನ್ನ ನೋಡಿ ತಲೆ ಬಗ್ಗಿಸಿದ' ಅಂದಳು. ಈ ಹರಳು ಹಾಕಿದಳು. ಈ ಮರದ ಕೆಳಗೆ ಬಂದು ಮಲಗಿದಳು. ಏಳಲಿಲ್ಲ."

ಪಾಸಿಯಾಸನ ಬಾಚಣಿಗೆ ಕೈಜಾರಿ ಬಿತ್ತು.

"ಶಾಪ ಹಾಕಿದಳಾ ಅಜ್ಜಿ?"

"ಅವಳಾ? ಅವಳಿಗೆ ಶಪಿಸೋಕೆ ಎಲ್ಲಿ ಬರ್ತಿತ್ತು." ಮುದುಕಿ ಮೇಲಕ್ಕೆ ನೋಡಿದಳು. "ಶಪಿಸೋಳು ಬೇರೆ ಇದಾಳೆ. ನೀನೇ ಕರೆದು ದಿನ ಹೇಳಿದ್ದೆ. ನೀನೇ ಇಟ್ಕೊ ನನ್ನ ಅಂದಿದ್ದೆ." ಖಾಲಿ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟಳು. "ನಿನ್ನ ಪೆಟ್ಟಿಗೆ ನೀನು ತಗೊಂಡು ಹೋಗು."

ಒದ್ದೆ ಹಗ್ಗದ ವಾಸನೆ ದಟ್ಟವಾಯಿತು. ಎಂದೂ ಚಿಗುರದ ಕೊಂಬೆಯ ತುದಿಯಲ್ಲಿ ಹಸಿರು ಮೊನೆಯೊಂದು ಮೂಡಿತ್ತು. ಸೂರ್ಯ ಮುಳುಗಿದ. ಖಾಲಿ ಪೆಟ್ಟಿಗೆಯಲ್ಲಿ ಸದ್ದಾಯಿತು.

ಟಿಕ್.

ಅವನು ತೆಗೆದು ನೋಡಿದ. ಕರಿ ಹರಳು. ಮೈಯ ಶಾಖದಷ್ಟು ಬೆಚ್ಚಗಿತ್ತು.

ಓಡಿದ. ಪೆಟ್ಟಿಗೆ ಎಸೆದು ಓಡಿದ. ಬೆಟ್ಟದ ದಾರಿ ಹಿಡಿದ. ಇಡೀ ದಿನ ನಡೆದ. ಸಂಜೆಗೆ ಎದುರಿಗೆ ಬೋಳು ಮರ. ಕೈಯಲ್ಲಿ ಪೆಟ್ಟಿಗೆ. ಟಿಕ್. ಕಾಡಿನ ದಾರಿ. ಸಂಜೆಗೆ ಅದೇ ಮರ. ಟಿಕ್. ಹೊಳೆಯ ದಾರಿ. ಗಣಿಯ ದಾರಿ. ತಿರುಗಿ ನೋಡದೆ ಓಡಿದ. ಕಣ್ಣು ಮುಚ್ಚಿ ಓಡಿದ. ಮರ. ಮರ. ಮರ. ದಿನಕ್ಕೊಂದು ದಾರಿ, ದಾರಿಗೊಂದು ಹರಳು. ಎಂಟು ದಾರಿ ಮುಗಿದವು. ಒಂಬತ್ತನೆಯದು ಸಮುದ್ರದ ದಾರಿ.

ಆ ದಾರಿ ಅವನನ್ನು ಹೋಗಲು ಬಿಟ್ಟಿತು. ಎಯೋನ್ ಬಂದರಿನ ಉಪ್ಪು ಗಾಳಿ ಮುಖಕ್ಕೆ ತಾಗಿದಾಗ ಅವನು ಅತ್ತೇಬಿಟ್ಟ. ಹಡಗು ಬೆಳಗ್ಗೆ ಹೊರಡುವುದಿತ್ತು. ಹೆಂಡದಂಗಡಿಗೆ ಹೋಗಿ ವಾಡೆಗಳ ನಡುವೆ ಕುಸಿದು ಕೂತ.

"ಬಂದೆಯಾ ಅಣ್ಣಾ? ಪಾತ್ರ ಬಾಯಿಪಾಠ ಆಯ್ತಾ?" ಎಂದ ಅಂಗಡಿಯವನು.

ಸೂರ್ಯ ನೀರಿಗೆ ತಾಗುತ್ತಿದ್ದ. ದಂಡೆಯ ಮೇಲೆ ಒಬ್ಬ ಹೆಂಗಸು ಬಂದು ನಿಂತಳು. ಗಾಳಿಗೆ ಸೆರಗು ಹಾರುತ್ತಿತ್ತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದಳು.

ಈ ಸಲ ಹೋಗುತ್ತೇನೆ. ಇಪ್ಪತ್ತೇ ಹೆಜ್ಜೆ. ಕಾಲಿಗೆ ಬಿದ್ದು ನಿಜ ಹೇಳುತ್ತೇನೆ. ಬಂದು ಎರಡು ದಿನವಾಗಿತ್ತು, ಹೆದರಿಕೊಂಡಿದ್ದೆ ಎನ್ನುತ್ತೇನೆ. ಪಾಸಿಯಾಸ್ ಏಳಲು ಹೋದ. ಮೊಣಕಾಲುಗಳು ಮಡಿಚಿಕೊಂಡವು. ಅವಳ ಹೆಸರು ಕೂಗಿದ. ದನಿ ಹೊರಡಲಿಲ್ಲ. ಅವಳು ನಿಧಾನವಾಗಿ ಅಂಗಡಿಯ ಕಡೆಗೆ ತಿರುಗಿದಳು. ಅವಳ ಕೊರಳ ಸುತ್ತ ಹಗ್ಗದ ಕಂದು ಗೆರೆಯಿತ್ತು. ಅವನ ತಲೆ ತಾನಾಗಿಯೇ ಬಗ್ಗಿತು. ಮೊಣಕಾಲಿನ ಕೆಳಗೆ ಹುಳಿ ಕೊಚ್ಚೆ ತಣ್ಣಗಿತ್ತು.

ಮಡಿಲಿನ ಪೆಟ್ಟಿಗೆಯಲ್ಲಿ ಸದ್ದಾಯಿತು. ಬಣ್ಣ ನೋಡಲು ಅವನು ಮುಚ್ಚಳ ತೆಗೆಯಲಿಲ್ಲ.